ಶಿರಾಜ್‌ನ ಶಾಹ್ ಚೆರಾಗ್ ದರ್ಗಾದಲ್ಲಿ ಸಕ್ಕರೆ ಓದಿಸಲು ಸಾಧ್ಯವೇ?

ಪ್ರಶ್ನೆ: ಮಸ್ಕತ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾನು ಹಲವು ವರ್ಷಗಳಿಂದ ಮಸ್ಕತ್‌ನಲ್ಲಿ ನೆಲೆಸಿದ್ದೇನೆ. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿದ್ದ ನನ್ನ ತಾಯಿ ಈಗ ನನ್ನೊಂದಿಗೆ ಇದ್ದಾರೆ. ಇಬ್ಬರೂ ಸೇರಿ ನಾಲ್ಕು ದಿನಗಳ ಮಟ್ಟಿಗೆ ಇರಾನಿನ ಶಿರಾಜ್ ನಗರಕ್ಕೆ ಹೋಗಿಬರಬೇಕೆಂದಿದ್ದೇವೆ. ಅಲ್ಲಿನ ಶಾಹ್ ಚೆರಾಗ್ ದರ್ಗಾದ ಚಿತ್ರಗಳನ್ನು ನೋಡಿದಾಗಿನಿಂದ ನನ್ನ ಮನಸ್ಸು ಅಲ್ಲಿಯೇ ನಿಂತಿದೆ. ಗೋಡೆ, ಕಂಬ, ಚಾವಣಿ ಎನ್ನದೆ ಎಲ್ಲೆಡೆ ಕನ್ನಡಿಯ ಚೂರುಗಳನ್ನು ಕೂರಿಸಿ ಬೆಳಕನ್ನೇ ಗಾರೆಯಲ್ಲಿ ಕಟ್ಟಿಹಾಕಿದಂತೆ ಕಾಣುವ ಆ ಒಳಾಂಗಣವನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಇದು ಪ್ರವಾದಿಯವರ ಮೊಮ್ಮಕ್ಕಳಾದ ಹಸನ್ ಹುಸೇನರ ವಂಶದವರ ಸಮಾಧಿ ಎಂದು ತಾಯಿಗೆ ಹೇಳಿದ ಕೂಡಲೇ ಅವರು, "ಹಂಗಾದ್ರ ಅಲ್ಲಿ ಸಕ್ಕರಿ ಓದಿಸ್ಕೊಂಡ ಬರೂಣು" ಎಂದರು. ನಮ್ಮೂರಿನಲ್ಲಿ ಮುಸ್ಲಿಮರ ಮನೆಗಳು ಇಲ್ಲವೆಂದೇ ಹೇಳಬಹುದು. ಆದರೂ ಪ್ರತಿ ವರ್ಷ ಮೊಹರಂನಲ್ಲಿ ಮಸೂತಿಯೊಳಗೆ ಅಲಾಯಿ ದೇವರು, ಅಂದರೆ ಹುಸೇನರ ನೆನಪಿನ ಪಂಜಾಗಳು, ಕೂರುತ್ತವೆ. ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಗಂಡಸರು ಕರ್ಬಲಾದ ಕಥೆಯ ರಿವಾಯತ್ ಪದ ಹಾಡುತ್ತಾರೆ, ಹೆಂಗಸರು ಸಕ್ಕರೆ ಕೊಟ್ಟು, ಅದರ ಮೇಲೆ ಪ್ರಾರ್ಥನೆ ಓದಿಸಿಕೊಂಡು ಮರಳಿ ತರುತ್ತಾರೆ. ಕರ್ಬಲಾದಲ್ಲಿ ಹುಸೇನರು ಹತರಾದ ಕಥೆ ತಾಯಿಗೆ ಗೊತ್ತಿರುವುದು ಆ ಪದಗಳಿಂದಲೇ.

ನನ್ನ ಅಳುಕು ಬೇರೆ. ಅದು ವಸ್ತುಸಂಗ್ರಹಾಲಯವಲ್ಲ. ಜನ ಅಲ್ಲಿ ಅಳುತ್ತಾರೆ, ಬೇಡಿಕೊಳ್ಳುತ್ತಾರೆ. ಅಂಥವರ ನಡುವೆ, ಆ ಧರ್ಮಕ್ಕೆ ಸೇರದ ನಾವು ಚಾವಣಿ ನೋಡುತ್ತ ಅಡ್ಡಾಡುವುದು ಸರಿಯೇ? ಒಳಗೆ ಬಿಡುತ್ತಾರೆಯೇ? ತಾಯಿ ಸೀರೆಯನ್ನು ಬಿಟ್ಟು ಬೇರೇನನ್ನೂ ಉಟ್ಟವರಲ್ಲ, ಅದು ನಡೆಯುತ್ತದೆಯೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಊರೂರು ನೋಡಿದವಳು

ನಾನು ಮತ್ತು ನನ್ನ ಪತಿ 2018ರ ವಸಂತದಲ್ಲಿ ಅಲ್ಲಿಗೆ ಹೋಗಿದ್ದೆವು. ಮೊದಲು ಬಾಗಿಲಿನ ವಿಷಯ ಹೇಳುತ್ತೇನೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪ್ರವೇಶದ್ವಾರಗಳಿವೆ. ಹೆಂಗಸರ ಕಡೆ ದಪ್ಪ ಪರದೆಯ ಹಿಂದೆ ಮಹಿಳಾ ಸಿಬ್ಬಂದಿ ತಪಾಸಣೆ ಮಾಡುತ್ತಾರೆ. ದೊಡ್ಡ ಕ್ಯಾಮೆರಾವನ್ನು ಅಲ್ಲಿಯೇ ಒಪ್ಪಿಸಬೇಕು, ಮೊಬೈಲ್ ಒಯ್ಯಲು ನಮಗೆ ಅಡ್ಡಿ ಮಾಡಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮತ್ತು 2023ರ ಆಗಸ್ಟ್‌ನಲ್ಲಿ ಈ ದರ್ಗಾದ ಮೇಲೆ ಬಂದೂಕಿನ ದಾಳಿಗಳು ನಡೆದು ಭಕ್ತರು ಪ್ರಾಣ ಕಳೆದುಕೊಂಡಿದ್ದಾರೆ. ಆದ್ದರಿಂದ ತಪಾಸಣೆ ಎಷ್ಟು ಹೊತ್ತು ಹಿಡಿದರೂ ಬೇಸರಿಸಬೇಡಿ. ಟಿಕೆಟ್ ತೆಗೆಸುವ ಮುನ್ನ ಭಾರತ ಸರ್ಕಾರದ ಪ್ರಯಾಣ ಸಲಹೆಯನ್ನೂ ವೀಸಾ ನಿಯಮವನ್ನೂ ಆ ದಿನದ ಮಟ್ಟಿಗೆ ಹೊಸದಾಗಿ ನೋಡಿಕೊಳ್ಳಿ.

ಹೆಂಗಸರೆಲ್ಲರೂ ಚಾದರ್ ಹೊದೆಯಲೇಬೇಕು. ತಲೆವಸ್ತ್ರವೊಂದೇ ಸಾಲದು. ಇಲ್ಲದವರಿಗೆ ಬಾಗಿಲಲ್ಲಿಯೇ ಸಣ್ಣ ಹೂವಿನ ತೆಳುಬಣ್ಣದ ಚಾದರ್ ಕೊಡುತ್ತಾರೆ, ಅದಕ್ಕೆ ಹಣವಿಲ್ಲ. ಅದು ಗುಂಡಿಯಾಗಲಿ ಕಸೆಯಾಗಲಿ ಇಲ್ಲದ, ಅರ್ಧವೃತ್ತಾಕಾರದ ದೊಡ್ಡ ಬಟ್ಟೆ. ತಲೆಯ ಮೇಲಿಂದ ಇಳಿಬಿಟ್ಟು ಗಲ್ಲದ ಕೆಳಗೆ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು. ಅಲ್ಲಿನ ಹೆಂಗಸರಿಗೆ ಅದು ಮೈಗೂಡಿದೆ. ನನಗೆ ಮಾತ್ರ ಹತ್ತು ನಿಮಿಷಕ್ಕೆ ಕೈ ಸೋತುಹೋಯಿತು. ನನ್ನ ಅವಸ್ಥೆ ನೋಡಿ ಹಿರಿಯ ಮಹಿಳೆಯೊಬ್ಬರು ಏನನ್ನೂ ಹೇಳದೆ ತಮ್ಮ ಚೀಲದಿಂದ ಪಿನ್ನು ತೆಗೆದು ನನ್ನ ಗಲ್ಲದ ಕೆಳಗೆ ಸಿಕ್ಕಿಸಿ, ಕೆನ್ನೆ ತಟ್ಟಿ ಮುಂದೆ ನಡೆದರು. ನಿಮ್ಮ ತಾಯಿ ಸೀರೆಯ ಮೇಲೆಯೇ ಅದನ್ನು ಹೊದೆಯಬಹುದು, ಆದರೆ ರವಿಕೆ ತುಂಬುತೋಳಿನದಾಗಿರಲಿ ಮತ್ತು ಎರಡು ಪಿನ್ನುಗಳು ಜೊತೆಗಿರಲಿ.

ಒಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ವಿದೇಶಿಯರು ಬಂದರೆ ದರ್ಗಾದ ಕಡೆಯಿಂದಲೇ ಇಂಗ್ಲಿಷ್ ಬಲ್ಲ ಸ್ವಯಂಸೇವಕರೊಬ್ಬರು ಜೊತೆಯಾಗುತ್ತಾರೆ, ಅವರು ಹಣ ತೆಗೆದುಕೊಳ್ಳುವುದಿಲ್ಲ. ನಮಗೆ ಸಿಕ್ಕಿದ್ದ ಯುವತಿ ನಿಮ್ಮ ಧರ್ಮ ಯಾವುದೆಂದು ಕೇಳಿದಳು, ನಾವು ಇದ್ದುದನ್ನು ಇದ್ದಂತೆ ಹೇಳಿದೆವು, ಅವಳು ಸಮಾಧಿಯ ಕೋಣೆಯವರೆಗೂ ಕರೆದೊಯ್ದಳು. ಕೆಲವರನ್ನು ಅಂಗಳದಿಂದಲೇ ಹಿಂದಿರುಗಿಸಿದ್ದೂ ಉಂಟು. ಇರಾನಿನ ಇನ್ನೊಂದು ನಗರವಾದ ಮಶ್ಹದ್‌ನ ಇಮಾಂ ರಜಾ ದರ್ಗಾದಲ್ಲಂತೂ ಅನ್ಯಧರ್ಮೀಯರಿಗೆ ಅಂಗಳಗಳೂ ವಸ್ತುಸಂಗ್ರಹಾಲಯಗಳೂ ಮಾತ್ರ ತೆರೆದಿರುತ್ತವೆ, ಸಮಾಧಿಯ ಬಳಿಗೆ ಬಿಡುವುದಿಲ್ಲ. ಹಾಗೆಂದು ಧರ್ಮವನ್ನು ಮರೆಮಾಚಿ ಒಳನುಗ್ಗುವವರನ್ನು ನಾನು ಒಪ್ಪುವುದಿಲ್ಲ. ಇಲ್ಲಿಯವರೆಗೆ ಸಾಕು ಎಂದು ಮನೆಯವರು ಹೇಳಿದರೆ ಅಲ್ಲಿಗೆ ನಿಲ್ಲುವುದೇ ಅತಿಥಿಗೆ ಒಪ್ಪುವ ನಡೆ.

ಚಿತ್ರ ತೆಗೆಯುವ ಬಗ್ಗೆ ನನ್ನ ತಪ್ಪನ್ನೇ ಹೇಳಬೇಕು. ಚಾವಣಿಯ ಚಿತ್ರ ತೆಗೆಯುತ್ತಿದ್ದವಳು, ಕಂಬಕ್ಕೆ ಹಣೆಯಿಟ್ಟು ಬಿಕ್ಕುತ್ತಿದ್ದ ಹುಡುಗಿಯೊಬ್ಬಳ ಕಡೆಗೂ ಮೊಬೈಲ್ ತಿರುಗಿಸಿದೆ. ಅವಳಿಗೆ ಅದು ಹೇಗೋ ತಿಳಿಯಿತು. ಚಾದರದ ಅಂಚನ್ನು ಕಣ್ಣಿನವರೆಗೂ ಎಳೆದುಕೊಂಡು ಗೋಡೆಯ ಕಡೆಗೆ ಮುಖ ಮಾಡಿದಳು. ಆ ಚಿತ್ರವನ್ನು ಅಲ್ಲಿಯೇ ಅಳಿಸಿ ಮೊಬೈಲನ್ನು ಚೀಲಕ್ಕೆ ಹಾಕಿದೆ. ಅವಳ ಅಳು ನಿಂತುಹೋದದ್ದು ನನ್ನಿಂದ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಉತ್ತರ: ಗಾರೆ ಗಚ್ಚು

ನಾನು ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವವನು. ನೋಡಲು ಹೋಗುವುದು ಸರಿಯೇ ಎಂದು ಕೇಳಿದ್ದೀರಿ. ನೋಡಲೆಂದೇ ಕುಶಲಕರ್ಮಿಗಳು ಅಷ್ಟು ದುಡಿದಿದ್ದಾರೆ ಎಂಬುದು ನನ್ನ ಭಾವನೆ, ಆದರೆ ನೋಡುವ ಬಗೆ ತಿಳಿದಿದ್ದರೆ ಒಳ್ಳೆಯದು.

ಈ ಕೆಲಸಕ್ಕೆ ಅಲ್ಲಿ ಆಯಿನೆಕಾರಿ ಎನ್ನುತ್ತಾರೆ. ತೆಳುವಾದ ಕನ್ನಡಿಯನ್ನು ತ್ರಿಕೋನ, ನಕ್ಷತ್ರ, ವಜ್ರದ ಆಕಾರಗಳಲ್ಲಿ ಕತ್ತರಿಸಿ ಜಿಪ್ಸಂ ಗಾರೆಯ ಮೇಲೆ ಕೂರಿಸುತ್ತಾರೆ. ಪಕ್ಕಪಕ್ಕದ ಎರಡು ಚೂರುಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ, ಒಂದೊಂದೂ ಬೇರೆ ಬೇರೆ ಕೋನಕ್ಕೆ ವಾಲಿರುತ್ತದೆ. ಇಡೀ ಕಸುಬು ಇರುವುದು ಆ ಸಣ್ಣ ವಾಲಿನಲ್ಲಿ. ತೂಗುದೀಪದ ಒಂದೇ ಬೆಳಕು ಸಾವಿರ ದಿಕ್ಕಿಗೆ ಚದುರುತ್ತದೆ, ನೀವು ಒಂದು ಹೆಜ್ಜೆ ಸರಿದರೆ ಇಡೀ ಚಾವಣಿ ಮಿನುಗಿ ಬೇರೆಯಾಗುತ್ತದೆ. ನಡುನಡುವೆ ಹಸಿರು ಗಾಜನ್ನೂ ಸೇರಿಸಿರುವುದರಿಂದ ಆ ಹೊಳಪಿಗೆ ಎಳೆಗರಿಕೆಯ ಛಾಯೆ ಬರುತ್ತದೆ. ಗೋಡೆಯ ಹತ್ತಿರ ಹೋಗಿ ನಿಂತು ನೋಡಿ: ನಿಮ್ಮ ಕಣ್ಣಿನ ಒಂದು ಮೂಲೆ ಒಂದು ಚೂರಿನಲ್ಲಿ, ಚಾದರದ ಒಂದು ಹೂವು ಮತ್ತೊಂದರಲ್ಲಿ, ಹಿಂದೆ ನಿಂತವರ ಬೆರಳು ಇನ್ನೊಂದರಲ್ಲಿ ಕಾಣುತ್ತವೆ. ಇಡೀ ಮುಖ ಎಲ್ಲಿಯೂ ಕಾಣುವುದಿಲ್ಲ. ಯುರೋಪಿನಿಂದ ತರಿಸಿದ ಕನ್ನಡಿಗಳು ದಾರಿಯಲ್ಲಿ ಒಡೆಯುತ್ತಿದ್ದುದರಿಂದ ಆ ಚೂರುಗಳನ್ನು ಹಾಳುಮಾಡದೆ ಬಳಸುವ ಕಲೆ ಹುಟ್ಟಿತು ಎಂದು ಇರಾನಿನಲ್ಲಿ ಹೇಳುವುದುಂಟು.

14ನೇ ಶತಮಾನದ ನಡುಭಾಗದಲ್ಲಿ ಶಿರಾಜ್ ಆಳುತ್ತಿದ್ದ ಅಬೂ ಇಸ್ಹಾಕನ ತಾಯಿ ತಾಶ್ ಖಾತೂನ್ ಇಲ್ಲಿ ಗುಮ್ಮಟವನ್ನೂ ಪಕ್ಕದಲ್ಲಿ ಮದರಸಾವನ್ನೂ ಕಟ್ಟಿಸಿದಳು. ಒಬ್ಬ ಹೆಣ್ಣುಮಗಳ ಭಕ್ತಿಯಿಂದ ಈ ಜಾಗಕ್ಕೆ ಮೊದಲ ವೈಭವ ಬಂತು ಎಂಬುದನ್ನು ನಿಮ್ಮ ತಾಯಿಗೆ ತಪ್ಪದೆ ಹೇಳಿ. ಶಿರಾಜ್ ಭೂಕಂಪಗಳ ಊರು. ಕಟ್ಟಡ ಹಲವು ಸಲ ಬಿರಿದು ಹಲವು ಸಲ ದುರಸ್ತಿಯಾಗಿದೆ, ಕನ್ನಡಿ ಕೆಲಸ ತಾಶ್ ಖಾತೂನಳ ಕಾಲಕ್ಕಿಂತ ಬಹಳ ಈಚಿನದು. ಹೊರಗಿನಿಂದ ಕಾಣುವ ಈರುಳ್ಳಿಯಾಕಾರದ ಗುಮ್ಮಟ ಕೂಡ ಹಳೆಯದಲ್ಲ. ಬಿರುಕು ಬಿಟ್ಟಿದ್ದ ಹಿಂದಿನ ಗುಮ್ಮಟವನ್ನು 1958ರಲ್ಲಿ ಇಳಿಸಿ, ಅದೇ ಆಕಾರದಲ್ಲಿ, ಕಬ್ಬಿಣದ ಚೌಕಟ್ಟಿನ ಹಗುರವಾದ ಗುಮ್ಮಟವನ್ನು ಏರಿಸಿದರು. ಹೊಸದೆಂದು ಅದನ್ನು ಕಡೆಗಣಿಸುವವರಿದ್ದಾರೆ. ಭಾರ ತಗ್ಗಿಸಿ ರೂಪ ಉಳಿಸಿಕೊಂಡ ಆ ನಿರ್ಧಾರ ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ.

ವಿಷಯಕ್ಕೆ ಸ್ವಲ್ಪ ಹೊರಗಾದರೂ ಒಂದು ಮಾತು. ಕೆರ್ಮಾನ್ ಬಳಿಯ ಮಾಹಾನ್‌ನಲ್ಲಿರುವ ಶಾಹ್ ನಿಯಾಮತುಲ್ಲಾ ವಲಿಯವರ ಸಮಾಧಿಗೆ 1436ರಲ್ಲಿ ಗುಮ್ಮಟ ಕಟ್ಟಿಸಿದವನು ನಮ್ಮ ಬೀದರಿನ ಸುಲ್ತಾನ ಅಹ್ಮದ್ ಶಾಹ ಬಹಮನಿ. ಶಿರಾಜ್‌ನಿಂದ ಅದು ದೂರ, ನಾಲ್ಕು ದಿನಗಳಲ್ಲಿ ಎರಡನ್ನೂ ನೋಡಲು ಹೊರಟರೆ ತಾಯಿಗೆ ದಣಿವಾದೀತು.

ಉತ್ತರ: ಅಲೀಪುರದವನು

ಪ್ರಶ್ನೆ ಕೇಳಿದ ಸಹೋದರಿಯವರಿಗೆ ವಂದನೆಗಳು. ನಾನು ಗೌರಿಬಿದನೂರು ತಾಲ್ಲೂಕಿನ ಅಲೀಪುರದವನು. ನಮ್ಮ ಊರಿನಲ್ಲಿ ಹೆಚ್ಚಿನವರು ಶಿಯಾಗಳು. ಮನೆಯಲ್ಲಿ ಉರ್ದು ಮಾತನಾಡಿದರೂ ನಾನು ಓದಿದ್ದು ಕನ್ನಡದಲ್ಲಿಯೇ. ಶಿರಾಜ್‌ಗೆ ಜಿಯಾರತ್‌ಗೆಂದು, ಅಂದರೆ ಸಮಾಧಿಯ ದರ್ಶನಕ್ಕೆಂದು, ಹೋಗಿಬಂದಿದ್ದೇನೆ.

ಅಲ್ಲಿ ಮಲಗಿರುವವರು ಸೈಯದ್ ಅಹ್ಮದ್. ಶಿಯಾಗಳು ಪ್ರವಾದಿಯವರ ಉತ್ತರಾಧಿಕಾರಿಗಳೆಂದು ನಂಬುವ ಹನ್ನೆರಡು ಇಮಾಂಗಳಲ್ಲಿ ಏಳನೆಯವರಾದ ಮೂಸಾ ಕಾಜಿಮ್ ಅವರ ಮಗ, ಮಶ್ಹದ್‌ನಲ್ಲಿರುವ ಎಂಟನೆಯ ಇಮಾಂ ರಜಾ ಅವರ ಸಹೋದರ. ಹುಸೇನರಿಂದ ಲೆಕ್ಕ ಹಾಕಿದರೆ ಐದನೆಯ ತಲೆಮಾರು. ಅದೇ ಅಂಗಳದಲ್ಲಿ ಅವರ ಇನ್ನೊಬ್ಬ ಸಹೋದರ ಮೀರ್ ಮೊಹಮ್ಮದ್ ಅವರ ಸಮಾಧಿಯೂ ಇದೆ. ಶಾಹ್ ಚೆರಾಗ್ ಎಂದರೆ ಬೆಳಕಿನ ಅರಸು. ಸಮಾಧಿ ಎಲ್ಲಿದೆಯೆಂದು ಜನ ಮರೆತಿದ್ದ ಕಾಲದಲ್ಲಿ ಹತ್ತಿರದಲ್ಲೇ ವಾಸವಿದ್ದ ಮುದುಕಿಯೊಬ್ಬಳಿಗೆ ರಾತ್ರಿಯ ಹೊತ್ತು ಅಲ್ಲಿ ದೀಪದಂತಹ ಬೆಳಕು ಕಾಣುತ್ತಿತ್ತು, ಅವಳ ಮಾತನ್ನು ನಂಬಿ ಅರಸನು ಅಗೆಸಿ ನೋಡಿದನು ಎಂಬುದು ಹಿಂದಿನಿಂದ ಬಂದ ನಂಬಿಕೆ. ಕನ್ನಡಿಯ ಕೆಲಸವನ್ನು ನೋಡುವಾಗ ನನ್ನಂಥವರಿಗೆ ನೆನಪಾಗುವುದು ಆ ಮುದುಕಿಯ ದೀಪವೇ.

ನಿಮ್ಮ ಅಳುಕು ನನ್ನ ಮನಸ್ಸು ತಟ್ಟಿತು. 680ರಲ್ಲಿ ಕರ್ಬಲಾದಲ್ಲಿ ನಡೆದದ್ದು ನಮಗೆ ಹಳೆಯ ಚರಿತ್ರೆಯಲ್ಲ, ಮನೆಯ ಸಾವು. ಸಾವಿನ ಮನೆಗೆ ಬಂದವರ ಜಾತಿ ಧರ್ಮಗಳನ್ನು ಯಾರೂ ಕೇಳುವುದಿಲ್ಲ, ಅವರು ಹೇಗೆ ಬಂದು ಕೂತರು ಎಂಬುದನ್ನು ಮಾತ್ರ ನೋಡುತ್ತಾರೆ. ಅಲಾಯಿ ಕುಣಿಯ ಮುಂದೆ ಹುಸೇನರ ಪದ ಕೇಳಿ ಕಣ್ಣೊರೆಸಿಕೊಂಡ ತಾಯಿ ಹೊರಗಿನವರು ಹೇಗಾದಾರು?

ಪಾದರಕ್ಷೆಗಳನ್ನು ಕಫ್ಶ್‌ದಾರಿಯಲ್ಲಿ ಒಪ್ಪಿಸಿ ಸಂಖ್ಯೆಯ ಬಿಲ್ಲೆ ಪಡೆಯಬೇಕು, ನಮ್ಮ ದೇವಸ್ಥಾನಗಳ ಚಪ್ಪಲಿ ಅಂಗಡಿಯಂತೆಯೇ. ಹೊಸ್ತಿಲಲ್ಲಿ ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿದರೆ ಸಾಕು, ಅದು ಎಲ್ಲರಿಗೂ ಅರ್ಥವಾಗುವ ನಮಸ್ಕಾರ. ಸಮಾಧಿಯ ಸುತ್ತ ಇರುವ ಬೆಳ್ಳಿಯ ಜಾಲರಿಗೆ ಜರೀಹ್ ಎನ್ನುತ್ತಾರೆ. ಭಕ್ತರು ಅದನ್ನು ಹಿಡಿದು ಬೇಡಿಕೊಳ್ಳುತ್ತಾರೆ, ಹರಕೆಯ ಹಣವನ್ನು ಸಂದಿಯಲ್ಲಿ ಒಳಕ್ಕೆ ಹಾಕುತ್ತಾರೆ. ನೂಕುನುಗ್ಗಲಿದ್ದರೆ ತಾಯಿಯವರು ಗೋಡೆಯ ಬದಿಯಲ್ಲಿಯೇ ಇರಲಿ. ನಮಾಜಿನಲ್ಲಿರುವವರ ಮುಂದೆ ಹಾಯಬೇಡಿ. ಸಮಾಧಿಯ ಕಡೆಗೆ ಕಾಲು ಚಾಚಿ ಕೂರಬೇಡಿ. ಪೆಟ್ಟಿಗೆಗಳಲ್ಲಿ ಇಟ್ಟಿರುವ ಮಣ್ಣಿನ ಸಣ್ಣ ಬಿಲ್ಲೆಗಳು ಸಜ್ದಾ ಮಾಡುವಾಗ ಹಣೆಯಿಡಲು ಇರುವಂಥವು, ನೆನಪಿಗೆಂದು ಅವನ್ನು ಎತ್ತಿಕೊಂಡು ಬರಬಾರದು. ಹಿಂದಿರುಗುವಾಗ ಅನೇಕರು ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಡುತ್ತಾರೆ, ಅವರಿಗೆ ದಾರಿ ಬಿಡಿ. ಗುರುವಾರದ ರಾತ್ರಿ ಜನಸಂದಣಿ ಹೆಚ್ಚು. ಮೊಹರಂ ದಿನಗಳಲ್ಲಿ ಹೋಗುವುದಾದರೆ ಬಣ್ಣದ ಉಡುಪು ಬೇಡ.

ಇನ್ನು ಸಕ್ಕರೆಯ ವಿಷಯ. ನಿಮ್ಮೂರಿನಲ್ಲಿ ಅಲಾಯಿ ದೇವರ ಸೇವೆ ಮಾಡುವ ಮುಜಾವರರಂತೆ ಸಕ್ಕರೆಯ ಮೇಲೆ ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಮರಳಿ ಕೊಡುವವರನ್ನು ನಾನು ಅಲ್ಲಿ ನೋಡಲಿಲ್ಲ. ಆದರೆ ಇದಕ್ಕೆ ಹತ್ತಿರದ ರೂಢಿಯೊಂದಿದೆ. ಹರಕೆ ಹೊತ್ತವರು ಸಿಹಿಯನ್ನೋ ಖರ್ಜೂರವನ್ನೋ ತಂದು ಅಂಗಳದಲ್ಲಿ ಕಂಡವರಿಗೆಲ್ಲ ಹಂಚುತ್ತಾರೆ, ಅದಕ್ಕೆ ನಜ್ರಿ ಎನ್ನುತ್ತಾರೆ. ಪಾರಸಿಯಲ್ಲಿ ನಬಾತ್ ಎನ್ನುವುದು ನಮ್ಮ ಕಲ್ಲುಸಕ್ಕರೆಯೇ. ಕೇಸರಿ ಹಾಕಿದ ಹಳದಿ ನಬಾತ್ ಶಿರಾಜ್‌ನ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಮಸ್ಕತ್‌ನಿಂದ ಒಯ್ಯುವ ಬದಲು ಅಲ್ಲಿಯೇ ಕೊಂಡು, ಬಾಗಿಲಲ್ಲಿ ತಪಾಸಣೆಯವರಿಗೆ ಬಿಚ್ಚಿ ತೋರಿಸಿ.

ಮರುಮಾತು: ಮಸ್ಕತ್ ಕನ್ನಡತಿ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎಲ್ಲವನ್ನೂ ತಾಯಿಗೆ ಓದಿ ಹೇಳಿದೆ. ಪಿನ್ನಿನ ಪ್ರಸಂಗವನ್ನು ಎರಡು ಸಲ ಓದಿಸಿದರು. ಅವರಿಗೆ ಮೊಣಕಾಲಿನ ನೋವಿದೆ, ನೆಲದ ಮೇಲೆ ಕೂತರೆ ಏಳುವುದು ಕಷ್ಟ. ಇನ್ನೊಂದು ಸಂದೇಹ ಅವರದೇ: ಹಂಚುವಾಗ ಏನು ಹೇಳಬೇಕು? ಭಾಷೆ ಬಾರದವರು ಸುಮ್ಮನೆ ಕೈಯೊಡ್ಡಿದರೆ ಜನ ತೆಗೆದುಕೊಳ್ಳುತ್ತಾರೆಯೇ?

ಉತ್ತರ: ಊರೂರು ನೋಡಿದವಳು

ವಯಸ್ಸಾದವರು ಕೂತು ನಮಾಜ್ ಮಾಡಲೆಂದು ಒಳಗೆ ಕುರ್ಚಿಗಳನ್ನು ಇಟ್ಟಿರುತ್ತಾರೆ. ನಮ್ಮ ಜೊತೆಗಿದ್ದ ಯುವತಿ ತಾನಾಗಿಯೇ ಒಬ್ಬ ಅಜ್ಜಿಗೆ ಕುರ್ಚಿ ತಂದು ಹಾಕಿದ್ದನ್ನು ನೋಡಿದ್ದೇನೆ. ಮೊಣಕಾಲು ತೋರಿಸಿ ಸನ್ನೆ ಮಾಡಿದರೆ ಸಾಕು.

ಉತ್ತರ: ಅಲೀಪುರದವನು

ಏನನ್ನೂ ಹೇಳಬೇಕಾಗಿಲ್ಲ. ಬೇಕಿದ್ದರೆ "ನಜ್ರಿ" ಎಂಬ ಒಂದೇ ಪದವನ್ನು ಕಲಿಸಿಕೊಡಿ. ಪೊಟ್ಟಣವನ್ನು ಬಿಚ್ಚಿ ಎರಡೂ ಕೈಗಳಲ್ಲಿ ಹಿಡಿದರೆ ಹೆಂಗಸರು ತಾವಾಗಿಯೇ ಒಂದೊಂದು ಹರಳು ತೆಗೆದುಕೊಳ್ಳುತ್ತಾರೆ, ಮಕ್ಕಳು ಎರಡು ತೆಗೆದುಕೊಂಡರೆ ಬೇಡ ಎನ್ನಬೇಡಿ. ತೆಗೆದುಕೊಂಡವರು "ಕಬೂಲ್ ಬಾಶೆ" ಎನ್ನುತ್ತಾರೆ. ನಿಮ್ಮ ಹರಕೆ ಸಲ್ಲಲಿ ಎಂದು ಅದರ ಅರ್ಥ.