ಅಪ್‌ಡೇಟ್: ಸುಲಿದ ಅಂಗೈಯಲ್ಲಿ ಪತಿಯ ಆರೈಕೆ

ಕ್ಯಾಪೆಸಿಟಬೀನ್ ಎಂಬ ಕ್ಯಾನ್ಸರ್ ಮಾತ್ರೆಯಿಂದ ನನ್ನ ಅಂಗೈ, ಅಂಗಾಲು ಕೆಂಪಾಗಿ ಸುಲಿಯುತ್ತಿರುವಾಗ, ಕಾಲಿನ ಮೂಳೆ ಮುರಿದು ಮಲಗಿರುವ ಪತಿಯನ್ನು ಎಬ್ಬಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ಹಲವರು ಸೂಚಿಸಿದಂತೆ ವೈದ್ಯರಿಗೆ ಅಂಗೈ ತೋರಿಸಿದೆ. ಗುಂಡಿ ಹಾಕಿಕೊಳ್ಳಲೂ ಆಗುತ್ತಿಲ್ಲವೆಂದು ತಿಳಿದ ಕೂಡಲೇ ಅವರು ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ಚರ್ಮ ಮಾಗಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು, ಜೊತೆಗೆ ಶೇ. 10ರ ಯೂರಿಯಾ ಕ್ರೀಮನ್ನೂ ಬರೆದುಕೊಟ್ಟರು. ಪ್ರಮಾಣ ತಗ್ಗಿಸಿದರೆ ಚಿಕಿತ್ಸೆಯೇ ಕೈಕೊಡಬಹುದೆಂಬ ಭಯದಿಂದ ಅಷ್ಟು ದಿನ ನಾನು ಬಾಯಿ ಬಿಡದಿದ್ದುದು ತಪ್ಪು.

ಪತಿಯನ್ನು ಈಗ ಕೈ ಹಿಡಿದು ಎಳೆಯುತ್ತಿಲ್ಲ. ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಅವರು ಮಂಚದ ಅಂಚಿಗೆ ಸರಿದು, ಪೆಟ್ಟಾಗದ ಕಾಲನ್ನು ನೆಲಕ್ಕೂರಿ, ಎರಡೂ ಕೈಗಳಿಂದ ಹಾಸಿಗೆಯನ್ನು ಒತ್ತಿ ತಾವೇ ಏಳುತ್ತಾರೆ. ನಾನು ಮುಂದೋಳಿನಿಂದ ಬೆನ್ನಿಗೆ ಆಸರೆಯಷ್ಟೇ ಕೊಡುತ್ತೇನೆ. ರಾತ್ರಿ ನನ್ನ ಅಂಗೈಗೆ ಕ್ರೀಮು ಸವರುವವರು ಅವರೇ, ಉಜ್ಜದೆ, ಬೆರಳ ತುದಿಯಿಂದ ಮೆಲ್ಲಗೆ.