ಲಾರ್ಡ್ ಲೂಕನ್ ಮಾಡಿದ ದೊಡ್ಡ ತಪ್ಪು ಯಾವುದು?

ಬನವಾಸಿ ರಸ್ತೆ, ಶಿರಸಿ:
ಕ್ರಿಮಿಯಾ ಯುದ್ಧದ ಬಗ್ಗೆ ಓದುತ್ತಿದ್ದೇನೆ. 1854ರ ಅಕ್ಟೋಬರ್ 25ರಂದು ಬಾಲಾಕ್ಲಾವಾದಲ್ಲಿ ಬ್ರಿಟಿಷರ ಲೈಟ್ ಬ್ರಿಗೇಡ್ ಅನ್ನುವ ಕುದುರೆ ದಳದ ಸವಾರರು ರಷ್ಯದ ಫಿರಂಗಿಗಳ ಬಾಯಿಗೇ ನುಗ್ಗಿದರಲ್ಲ, ಅದು ಬ್ರಿಟಿಷ್ ಅಶ್ವದಳದ ಮುಖ್ಯಸ್ಥನಾಗಿದ್ದ ಲೂಕನ್ ತಪ್ಪೋ, ಮೇಲಿನವರದ್ದೋ? ಇವನು ಐರ್ಲೆಂಡ್‌ನಲ್ಲಿ ದೊಡ್ಡ ಜಮೀನ್ದಾರನೂ ಹೌದಂತೆ. ಗೊತ್ತಿದ್ದವರು ಹೇಳಿ.

ಕಾಳಿ ದಂಡೆ, ಕಾರವಾರ:
ಪೂರ್ತಿ ಅವನ ಮೇಲೆ ಹಾಕುವುದು ಸರಿಯಲ್ಲ. ಆದೇಶ ಕೊಟ್ಟ ಬ್ರಿಟಿಷ್ ಸೇನಾಪತಿ ರಾಗ್ಲನ್ ಗುಡ್ಡದ ಮೇಲಿದ್ದ, ಲೂಕನ್ ಕೆಳಗೆ ಕಣಿವೆಯಲ್ಲಿ. ಮೇಲಿದ್ದವನಿಗೆ ಕಂಡ ಫಿರಂಗಿ ಇವನಿಗೆ ಕಾಣುತ್ತಿರಲಿಲ್ಲ. ಯಾವ ಫಿರಂಗಿ ಅಂತ ಕೇಳಿದ್ದಕ್ಕೆ ಚೀಟಿ ತಂದ ಕ್ಯಾಪ್ಟನ್ ನೋಲನ್ ಸುಮ್ನೆ ಕೈ ಬೀಸಿ ತೋರಿಸಿದ, ಆಮೇಲೆ ದಾಳಿಯ ಶುರುವಿನಲ್ಲೇ ಸತ್ತ. ಮುಂದೆ ನಿಂತು ನಡೆಸಿದ ಕಾರ್ಡಿಗನ್ ಲೂಕನ್ನನ ಹೆಂಡತಿಯ ಅಣ್ಣ, ಇಬ್ಬರಿಗೂ ಆಗುತ್ತಿರಲಿಲ್ಲ. ಹೋದವರು ಸುಮಾರು 670, ಸತ್ತವರು 100ಕ್ಕೂ ಜಾಸ್ತಿ. 1855ರಲ್ಲಿ ಲೂಕನ್ನನನ್ನು ವಾಪಸ್ ಕರೆಸಿದರು. ಕೋರ್ಟ್ ಮಾರ್ಷಲ್ ಮಾಡಿ ಅಂತ ಅವನೇ ಕೇಳಿದರೂ ಮಾಡಲಿಲ್ಲ.

ಗೇಣಿ ಮನೆಯವ, ಸಿದ್ದಾಪುರ:
ಎಲ್ಲರೂ ಆ ಒಂದು ದಿನದ ಬಗ್ಗೆಯೇ ಮಾತಾಡುತ್ತಾರೆ ಮಾರಾಯ್ರೆ. ಅದಕ್ಕೂ ಮೊದಲು ಐರ್ಲೆಂಡಿನ ಮೇಯೋದಲ್ಲಿ ಅವನು ಮಾಡಿದ್ದನ್ನು ನೋಡಿ. ಸುಮಾರು 60,000 ಎಕರೆ ಜಮೀನು. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದರು. 4 ಪೌಂಡ್‌ವರೆಗಿನ ಸಣ್ಣ ಹಿಡುವಳಿಗಳಿಗೆ ಬಡವರ ಪರಿಹಾರದ ತೆರಿಗೆಯನ್ನು ಒಡೆಯನೇ ಕಟ್ಟಬೇಕಿತ್ತು. ಹಾಗಾಗಿ ಸಣ್ಣ ಒಕ್ಕಲು ಜಾಸ್ತಿ ಇದ್ದಷ್ಟೂ ಒಡೆಯನಿಗೆ ಖರ್ಚು. ಇವನು ಕಂಡುಕೊಂಡ ದಾರಿ ಒಕ್ಕಲೆಬ್ಬಿಸುವುದು. ಬ್ಯಾಲಿನ್‌ರೋಬ್ ಊರಿನ ಸುತ್ತ 1846ರಿಂದ 1849ರೊಳಗೆ 300ಕ್ಕೂ ಹೆಚ್ಚು ಗುಡಿಸಲು ಕೆಡವಿಸಿ ಸುಮಾರು 2,000 ಜನರನ್ನು ಹೊರಗೆ ಹಾಕಿದ, ಆ ನೆಲವನ್ನೆಲ್ಲ ಸೇರಿಸಿ ದೊಡ್ಡ ಫಾರ್ಮ್ ಮಾಡಿದ. ಇದನ್ನು ಯಾರದೋ ಚೀಟಿ ತಪ್ಪಾಗಿ ಓದಿ ಮಾಡಿದ್ದಲ್ಲ. ಯೋಚಿಸಿಯೇ ಮಾಡಿದ್ದು. 1974ರ ಭೂಸುಧಾರಣೆಗೆ ಮುಂಚೆ ಗೇಣಿ ಮಾಡಿದ ನಮ್ಮ ಹಿರಿಯರನ್ನು ಕೇಳಿ, ಒಡೆಯ ಬಿಡು ಅಂದರೆ ಎಲ್ಲಿಗೆ ಹೋಗುವುದು ಅನ್ನುವ ಭಯ ಏನು ಅಂತ ಹೇಳುತ್ತಾರೆ.

ಬೇಲೆಕೇರಿ, ಅಂಕೋಲಾ:
ಸಿದ್ದಾಪುರದವರ ಮಾತಿಗೆ ನನ್ನದೂ ಒಪ್ಪಿಗೆ. ಅವನ ಹುದ್ದೆಯೂ ದುಡ್ಡಿನದ್ದೇ ಅಲ್ವಾ! 1826ರಲ್ಲಿ 17ನೇ ಲ್ಯಾನ್ಸರ್ಸ್ ದಳದ ನಾಯಕತ್ವವನ್ನು 25,000 ಪೌಂಡ್ ಕೊಟ್ಟು ಕೊಂಡ ಅಂತ ಹೇಳುತ್ತಾರೆ. ಹಾಗೆ ಕೊಳ್ಳುವ ಪದ್ಧತಿ ನಿಂತಿದ್ದು 1871ರಲ್ಲಿ. ಅವನ ಕಡೆಯಿಂದ ಹೇಳಬಹುದಾದ ಒಂದು ಒಳ್ಳೆಯ ಮಾತೂ ಇದೆ: 1858ರಲ್ಲಿ ಯಹೂದಿಗಳಿಗೆ ಪಾರ್ಲಿಮೆಂಟಿನಲ್ಲಿ ಕೂರಲು ದಾರಿ ಮಾಡಿದ ರಾಜಿ ಸೂತ್ರ ಅವನದ್ದು. ಆದರೂ ಮೇಯೋದ ಆ ಮನೆಗಳ ಬಗ್ಗೆ ಅವನಿಗೆ ಶಿಕ್ಷೆ ಆಗಲಿಲ್ಲ. 1887ರಲ್ಲಿ ಫೀಲ್ಡ್ ಮಾರ್ಷಲ್ ಆದ, ಮರುವರ್ಷ ತೀರಿಕೊಂಡ.