ಸಹಾಯ ಬೇಕು: ಸಣ್ಣದೊಂದು ಸಂಗೀತದ ಜಾಗ ಉಳಿಸಬೇಕಿದೆ

ಎಲ್ಲರಿಗೂ ನಮಸ್ಕಾರ. ನಗರದಲ್ಲಿ ಹೊಸ ಹಾಡುಗಾರರಿಗೆ ಜನರ ಮುಂದೆ ಹಾಡಲು ಉಳಿದಿರುವುದೇ ಇದೊಂದು ಸಣ್ಣ ಜಾಗ. ಈಗ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಬರುತ್ತಿದೆ. ಜನ ವಾಸಕ್ಕೆ ಬಂದ ಮೇಲೆ ಗದ್ದಲದ ದೂರು ಬಂದೇ ಬರುತ್ತದೆ, ಅಲ್ವಾ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲೇ ಇದಕ್ಕೊಂದು ನಿಯಮ ತಂದಿತು. 2018ರಲ್ಲಿ ಇಂಗ್ಲೆಂಡ್ ಕೂಡ ತನ್ನ ಯೋಜನಾ ನೀತಿಯಲ್ಲಿ ಸೇರಿಸಿತು. ಮೊದಲಿನಿಂದ ಇರುವ ಸಂಗೀತದ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವರೇ ಶಬ್ದ ತಡೆಯುವ ವ್ಯವಸ್ಥೆ ಮಾಡಬೇಕು. ನ್ಯಾಯವಾದ ಮಾತು. ಇಂಥದ್ದೇ ನಿಯಮ ಕೇಳಿ ನಗರಾಡಳಿತಕ್ಕೆ ಮನವಿ ಬರೆಯುತ್ತಿದ್ದೇವೆ.

ಶಬ್ದದ ಮಟ್ಟ ಅಳೆಯಲು ಬರುವವರು, ಕಟ್ಟಡ ಕಾನೂನು ಬಲ್ಲ ವಕೀಲರು ಯಾರಾದರೂ ಇದ್ದೀರಾ? ದಯವಿಟ್ಟು ಮೆಸೇಜ್ ಮಾಡಿ. ಅಲ್ಲಿ ಹಾಡಿದವರು, ನುಡಿಸಿದವರು ನಾಲ್ಕು ಸಾಲು ಬರೆದುಕೊಟ್ಟರೂ ಮನವಿಗೆ ಜಾಸ್ತಿ ಬಲ ಬರುತ್ತದೆ.